ಜನಿವಾರಕ್ಕೆ ಕಟ್ಟಿದ ಕೀಲಿ

ನಮ್ಮ ಮನೆಯಲ್ಲಿ ಬಂಗಾರಕ್ಕೆ ಬೀಗ ಇರಲಿಲ್ಲ, ಕ್ಯಾಸೆಟ್ಟಿಗೆ ಇತ್ತು. ನನ್ನ ತವರಿನವರು ಹಾಕಿದ್ದ ನಾಲ್ಕೆಳೆ ಬಂಗಾರ ಅಕ್ಕಿ ಡಬ್ಬಿಯ ತಳದಲ್ಲಿ ಹಾಯಾಗಿ ಮಲಗಿರುತ್ತಿತ್ತು. ಕ್ಯಾಸೆಟ್ಟುಗಳು ಮಾತ್ರ ಕಬ್ಬಿಣದ ಕಪಾಟಿನಲ್ಲಿ, ಕಪಾಟಿನ ಕೀಲಿ ನನ್ನ ಗಂಡನ ಜನಿವಾರದಲ್ಲಿ. ಸ್ನಾನಕ್ಕೆ ಹೋದಾಗಲೂ ಅದು ಅವರ ಎದೆಯ ಮೇಲೆಯೇ. ಸಂಧ್ಯಾವಂದನೆಗೆ ಕೂತಾಗ ಅದನ್ನು ಬೆನ್ನಿಗೆ ಸರಿಸಿಕೊಳ್ಳುತ್ತಿದ್ದರು, ಇಲ್ಲದಿದ್ದರೆ ಬಗ್ಗಿದಾಗಲೆಲ್ಲ ಪಂಚಪಾತ್ರೆಗೆ ತಾಗಿ ಕಿಣಿಕಿಣಿ ಅನ್ನುತ್ತಿತ್ತು. ನೋಡಿದವರು ಈ ಮನೆಯಲ್ಲಿ ಏನೋ ದೊಡ್ಡ ತಿಜೋರಿ ಇದೆ ಅಂದುಕೊಳ್ಳಬೇಕು.

ಅದು ತೊಂಬತ್ತರ ದಶಕದ ನಡುಗಾಲ. ಪುಣೆಯ ಸದಾಶಿವ ಪೇಠದಲ್ಲಿ, ಹತ್ತಾರು ಬಾಡಿಗೆ ಸಂಸಾರಗಳಿದ್ದ ಒಂದು ಹಳೆಯ ವಾಡೆಯಲ್ಲಿ ಮರದ ಮೆಟ್ಟಿಲು ಹತ್ತಿದರೆ ಸಿಗುವ ಎರಡು ಕೋಣೆ, ಒಂದು ಗ್ಯಾಲರಿ, ಇಷ್ಟರಲ್ಲಿ ನಮ್ಮ ಸಂಸಾರ. ನಾವು ಬಾಗಲಕೋಟೆ ಕಡೆಯವರು. ಗಂಡ ಒಂದು ಬಟ್ಟೆ ಅಂಗಡಿಯಲ್ಲಿ ಗುಮಾಸ್ತ. ನನಗೆ ಶಿವಾಜಿನಗರದ ಕೋರ್ಟಿನಲ್ಲಿ, ಹಳೆಯ ಕಾಗದಪತ್ರ ಕಾಯುವ ರೆಕಾರ್ಡ್ ರೂಮಿನಲ್ಲಿ ಕೆಲಸ. ಜೊತೆಗೆ ಅತ್ತೆ, ಎರಡು ಹೆಣ್ಣುಮಕ್ಕಳು. ದೊಡ್ಡವಳಿಗೆ ಆಗ ಒಂಬತ್ತು. ಚಿಕ್ಕವಳಿಗೆ ನಾಲ್ಕು ನಡೆಯುತ್ತಿತ್ತು.

ಗಂಡನಿಗೆ ಎಲೆ ಅಡಿಕೆ, ಬೀಡಿ ಸಿಗರೇಟು ಯಾವ ಚಟವೂ ಇರಲಿಲ್ಲ. ಇದ್ದದ್ದು ಒಂದೇ, ಟೇಪು ಮಾಡುವ ಚಟ. ಎರಡು ಕ್ಯಾಸೆಟ್ ಹಿಡಿಯುವ ಟೇಪ್‌ರೆಕಾರ್ಡರ್ ಒಂದನ್ನು ಮದುವೆಗಿಂತ ಮೊದಲೇ ತಂದಿಟ್ಟುಕೊಂಡಿದ್ದರು. ಭಾನುವಾರ ಬಂತೆಂದರೆ ರೇಡಿಯೊದ ಕಿವಿ ಹಿಂಡಿ ಹಿಂಡಿ ದೂರದ ಕನ್ನಡವನ್ನು ಹಿಡಿಯುವುದು, ಕೆಂಪು ಗುಂಡಿ ಒತ್ತುವುದು. ನಾಟಕವಾದರೂ ಸರಿ, ದೇವರನಾಮವಾದರೂ ಸರಿ, ರೈತರಿಗೆ ಸಲಹೆಯಾದರೂ ಸರಿ. "ನಮ್ಮ ಕುಂಡದಾಗ ತುಳಸಿ ಬಿಟ್ರ ಬ್ಯಾರೆ ಬೆಳಿ ಇಲ್ಲ, ರೈತರ ಸಲಹಾ ತಗೊಂಡು ಏನ್ ಮಾಡ್ತೀರಿ?" ಎಂದು ನಾನು ಕೇಳಿದರೆ, "ಇರ್ಲಿ ಬಿಡು, ನಮ್ಮ ಮಾತು ಅದ," ಅನ್ನುತ್ತಿದ್ದರು.

ಅವೆಲ್ಲಕ್ಕಿಂತ ಹೆಚ್ಚಿನವು ಅತ್ತೆಯ ಟೇಪುಗಳು. ಮಾವ ತೀರಿಕೊಂಡು ಅತ್ತೆ ನಮ್ಮಲ್ಲಿಗೆ ಬಂದ ಹೊಸದರಲ್ಲಿ ಗಂಡ ಅವರನ್ನು ಎದುರಿಗೆ ಕೂಡಿಸಿಕೊಂಡು ಕಥೆ ಹೇಳಿಸಿದರು, ಬೀಸುವ ಪದ ಹಾಡಿಸಿದರು, ಬಾಣಂತಿ ಕಷಾಯಕ್ಕೆ ಏನೇನು ಹಾಕಬೇಕು ಎಂಬುದನ್ನೂ ಬಿಡಲಿಲ್ಲ. ಎರಡು ಕೋಣೆಯ ಮನೆಯಲ್ಲಿ ಸದ್ದಿಲ್ಲದ ಜಾಗ ಎಲ್ಲಿಂದ ತರಬೇಕು? ಆ ಟೇಪುಗಳಲ್ಲಿ ನನ್ನ ಕುಕ್ಕರಿನ ಸೀಟಿ ಇದೆ, ಅತ್ತೆಯ ಕೆಮ್ಮು ಇದೆ, ಕೆಳಗೆ ನಲ್ಲಿಯ ಹತ್ತಿರ ನಡೆದ ಮರಾಠಿ ಜಗಳ ಇದೆ. ಒಂದು ಬದಿ ಮುಗಿಯಲು ಬಂದಾಗ "ಅವ್ವಾ, ತಡಿ, ತಿರುವ್ತೀನಿ" ಎನ್ನುವ ಗಂಡನ ದನಿ ಇದೆ. ಬೆರಳಗಲವೂ ಇಲ್ಲದ ಕಂದು ಪಟ್ಟಿಯೊಳಗೆ ಒಂದು ಇಡೀ ಮಧ್ಯಾಹ್ನ ಹೋಗಿ ಕೂತಿರುತ್ತದೆ ಎನ್ನುವುದು ನನಗೆ ಎಂದೂ ಹಳತಾಗದ ಸೋಜಿಗ. ಕೋರ್ಟಿನಲ್ಲಿ ನಾನು ಕಾಯುತ್ತಿದ್ದ ಸಾವಿರಾರು ಕಡತಗಳಲ್ಲಿ ಯಾರೂ ಕೆಮ್ಮಿದ್ದನ್ನು ನಾನು ಕೇಳಿಲ್ಲ.

ಇನ್ನೂರು ಚಿಲ್ಲರೆ ಕ್ಯಾಸೆಟ್ಟುಗಳ ಈ ರಾಜ್ಯಕ್ಕೆ ಕಾಯಿದೆ ಬರೆದವಳು ನಾನು. ಕೈಯಲ್ಲಿ ಕಸುಬು ಇತ್ತಲ್ಲ. ಪ್ರತಿಯೊಂದಕ್ಕೂ ನಂಬರು ಹಚ್ಚಿದೆ, ಉದ್ದನೆಯ ವಹಿಯೊಂದರಲ್ಲಿ ಪಟ್ಟಿ ಬರೆದೆ. ಕೆಳಗಿನ ಹಲಗೆ ಮಕ್ಕಳದು, ಕೈ ಒದ್ದೆ ಇರದಿದ್ದರೆ ಯಾವಾಗ ಬೇಕಾದರೂ ತೆಗೆಯಬಹುದು. ನಡುವಿನದು ಅಭ್ಯಾಸ ಮುಗಿದ ಮೇಲೆ, ವಹಿಯಲ್ಲಿ ನಂಬರು ಬರೆದು. ಮೇಲಿನ ಖಾನೆಗೆ ಬೀಗ, ಹೋದರೆ ಮತ್ತೆ ಸಿಗದ ಟೇಪುಗಳೆಲ್ಲ ಅಲ್ಲಿ. ಉಪ್ಪಿನಕಾಯಿ ಭರಣಿಗೆ ನಮ್ಮ ಮನೆಗಳಲ್ಲಿ ಯಾವ ಕಟ್ಟುಪಾಡು ಇರುತ್ತದೋ ಅದೇ ಇಲ್ಲಿಯೂ. ದೊಡ್ಡವಳು ಒಮ್ಮೆ ಒಂದು ಕ್ಯಾಸೆಟ್ಟನ್ನು ಗ್ಯಾಲರಿಯ ಬಿಸಿಲಲ್ಲಿ ಮರೆತು ಬಂದಳು. ಅದು ಬಾಗಿಹೋಯಿತು. ಮೂರು ದಿನ ಅವಳಿಗೆ ಎಲ್ಲ ಹಲಗೆಗಳೂ ಬಂದ್. ಎರಡನೆಯ ದಿನ ನನ್ನ ತಲೆದಿಂಬಿನ ಮೇಲೆ ಒಂದು ಅರ್ಜಿ ಇತ್ತು. "ಕೋರ್ಟಿನಾಗ ಖೂನಿ ಮಾಡಿದವರಿಗೂ ಜಾಮೀನು ಸಿಗ್ತದ" ಎಂದು ಶುರುವಾಗಿತ್ತು. ಜಾಮೀನು ಕೊಟ್ಟೆ.

ಚಿಕ್ಕವಳು ಅರ್ಜಿ ಹಾಕುವವಳಲ್ಲ. ಟೇಪ್‌ರೆಕಾರ್ಡರಿನ ಮುಂದೆ ನೆಲಕ್ಕೆ ಗದ್ದ ಊರಿ ಮಲಗಿ, ತಿರುಗುವ ಎರಡು ಗಾಲಿಗಳನ್ನು ರೆಪ್ಪೆ ಬಡಿಯದೆ ನೋಡುತ್ತಿದ್ದಳು. ಒಂದು ಗಾಲಿ ತೆಳ್ಳಗಾಗುತ್ತ ಇನ್ನೊಂದು ದಪ್ಪಗಾಗುತ್ತ ಹೋಗುವುದನ್ನು ಅವಳಷ್ಟು ಶ್ರದ್ಧೆಯಿಂದ ಯಾರೂ ನೋಡಿರಲಿಕ್ಕಿಲ್ಲ. ನಲವತ್ತೆರಡನೆಯದು ತಾ ಅಂದರೆ ನಲವತ್ತೆರಡನೆಯದನ್ನೇ ತರುತ್ತಿದ್ದಳು. ಅವಳಿಗೆ ಅಂಕಿ ಬರುತ್ತಿರಲಿಲ್ಲ. ಡಬ್ಬಿಯ ಸೀಳು ನೋಡಿ ಗುರುತು ಹಿಡಿಯುತ್ತಿದ್ದಳೋ, ಅಂಟಿಸಿದ ಚೀಟಿಯ ಬಣ್ಣ ನೋಡಿಯೋ, ನನಗೆ ಇವತ್ತಿಗೂ ಗೊತ್ತಿಲ್ಲ. ವಹಿ ಇಲ್ಲದೆ ಒಂದು ಕಡತ ಹುಡುಕಲಾರದ ನಾನು ಅವಳನ್ನು ನೋಡಿ ಬೆರಗಾಗುತ್ತಿದ್ದೆ.

ಆದರೆ ಅವಳು ಮಾತಾಡುತ್ತಿರಲಿಲ್ಲ.

ಎರಡು ತುಂಬಿದಾಗ ತಡ ಅಂದೆವು. ಮೂರು ತುಂಬಿದಾಗ ಅತ್ತೆ ಬಜೆ ಬೇರು ತೇದು ದಿನಾ ನಾಲಿಗೆಗೆ ಹಚ್ಚಿದರು. ಕಿವಿ ಪರೀಕ್ಷೆ ಮಾಡಿಸಿದೆವು, ಕಿವಿ ಚೆನ್ನಾಗಿತ್ತು. ಹ್ಞೂಂ, ಉಹ್ಞೂಂ ಎರಡೇ ಅವಳ ನುಡಿ. ವಾಡೆಯ ಹೆಂಗಸರು ಕೆಲವು ಮಕ್ಕಳು ತಡವಾಗಿ ಮಾತಾಡುತ್ತಾರೆ ಎಂದು ಮರಾಠಿಯಲ್ಲಿ ಸಮಾಧಾನ ಹೇಳಿ, ಮೆಟ್ಟಿಲಿಳಿಯುತ್ತ ದನಿ ತಗ್ಗಿಸುತ್ತಿದ್ದರು. ಜೂನಿನಲ್ಲಿ ಬಾಲವಾಡಿಗೆ ಕರೆದುಕೊಂಡು ಹೋದೆ. ಬಾಯಿ, ಅಂದರೆ ಅಲ್ಲಿಯ ಟೀಚರು, ಅವಳ ಹೆಸರು ಕೇಳಿದರು. ಮತ್ತೆ ಕೇಳಿದರು. ಆಮೇಲೆ ನನ್ನ ಕಡೆ ತಿರುಗಿ, ಮಾತು ಬಂದ ಮೇಲೆ ಕರೆದುಕೊಂಡು ಬನ್ನಿ, ಬರುವ ವರ್ಷದವರೆಗೂ ಬರದಿದ್ದರೆ ಇಂಥ ಮಕ್ಕಳಿಗೆಂದೇ ಬೇರೆ ಶಾಲೆಗಳಿವೆ, ಅಂದರು. ಕೆಟ್ಟ ಮನಸ್ಸಿನಿಂದ ಅನ್ನಲಿಲ್ಲ. ಆದರೆ ನನ್ನ ಮಗಳು ಮೂಗಿ ಎಂಬ ಶಬ್ದವನ್ನು ನಾನು ನನ್ನೊಳಗೆ ಮೊದಲ ಸಲ ಅಂದುಕೊಂಡದ್ದು ಆ ಗೇಟಿನ ಹತ್ತಿರ. ಸಿಟಿ ಬಸ್ಸಿನಲ್ಲಿ ಅವಳನ್ನು ತೊಡೆಯ ಮೇಲೆ ಕೂಡಿಸಿಕೊಂಡು ಮನೆಗೆ ಬಂದೆ.

ಕೋರ್ಟಿನ ಗೆಳತಿಯೊಬ್ಬಳು ಶಿವಾಜಿನಗರದ ಒಬ್ಬ ಡಾಕ್ಟರ ವಿಳಾಸ ಕೊಟ್ಟಳು. ವಯಸ್ಸಾದವರು, ಸಮಾಧಾನಿ. ಮಗುವನ್ನು ಬಹಳ ಹೊತ್ತು ಆಡಿಸಿ ನೋಡಿ, ಮನೆಯಲ್ಲಿ ಯಾವ ಭಾಷೆ ಎಂದು ಕೇಳಿದರು. ಮನೆಯಲ್ಲಿ ಕನ್ನಡ, ಮೆಟ್ಟಿಲಿಳಿದರೆ ಮರಾಠಿ, ಟೀವಿಯಲ್ಲಿ ಹಿಂದಿ, ಅಕ್ಕನ ಪುಸ್ತಕದಲ್ಲಿ ಇಂಗ್ಲಿಷು ಅಂದೆ. ಅವರು ಪೆನ್ನು ಕೆಳಗಿಟ್ಟರು.

"ಘರಾತ್ ಏಕಚ್ ಭಾಷಾ ಠೇವಾ," ಅಂದರು. ಮನೆಯಲ್ಲಿ ಒಂದೇ ಭಾಷೆ ಇರಲಿ. ಇಷ್ಟು ಭಾಷೆಗಳ ಸಂತೆಯಲ್ಲಿ ಮಗು ದಾರಿ ತಪ್ಪಿದೆ, ಅವಳು ಓದಬೇಕಾದದ್ದು ಮರಾಠಿಯಲ್ಲಿ ತಾನೆ, ಆರು ತಿಂಗಳು ಅವಳ ಕಿವಿಗೆ ಮರಾಠಿ ಬಿಟ್ಟು ಬೇರೇನೂ ಬೀಳದ ಹಾಗೆ ನೋಡಿಕೊಳ್ಳಿ, ಆಮೇಲೆ ಕರೆತನ್ನಿ. ಆಗ ಬಹಳ ಡಾಕ್ಟರರು ಹಾಗೇ ಹೇಳುತ್ತಿದ್ದರು. ಅವರನ್ನು ನಾನು ಬಯ್ಯುವುದಿಲ್ಲ. ಒಂದು ಕಿಡ್ನಿ ಕೊಡು ಅಂದಿದ್ದರೂ ಕೊಡುತ್ತಿದ್ದೆ. ಕನ್ನಡ ಕೊಡು ಅಂದರು, ಕೊಟ್ಟೆ.

ಮುಂದಿನ ಭಾನುವಾರ ಕಪಾಟು ಖಾಲಿ ಮಾಡಿದೆವು. ಕೆಳಗಿನ, ನಡುವಿನ ಹಲಗೆಗಳ ಕನ್ನಡವನ್ನೆಲ್ಲ ಮೇಲಿನ ಖಾನೆಗೆ ಒತ್ತಿ ಒತ್ತಿ ತುಂಬಿ, ಕೆಳಗೆ ಹೊಸದಾಗಿ ತಂದ ಮರಾಠಿ ಬಡಬಡ ಗೀತೆಗಳ, ಅಂದರೆ ಶಿಶುಗೀತೆಗಳ, ಹತ್ತು ಕ್ಯಾಸೆಟ್ಟು ಇಟ್ಟೆ. ಗಂಡ ಪ್ರತಿಯೊಂದನ್ನೂ ಒಂದು ಗಳಿಗೆ ಕೈಯಲ್ಲಿ ಹಿಡಿದು ಆಮೇಲೆ ಕೊಡುತ್ತಿದ್ದರು. ನಾನು ಕೋರ್ಟಿನ ದನಿಯಲ್ಲಿ ನಂಬರು ಕೂಗುತ್ತಿದ್ದೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಆಗ ನೆನಪಾಗಿದ್ದರೆ ಒಳ್ಳೆಯದಿತ್ತು. ಆಗಲಿಲ್ಲ. ಬೀಗ ಬಿತ್ತು.

ಕಪಾಟಿಗೆ ಬೀಗ ಹಾಕುವುದು ಸುಲಭ. ಅತ್ತೆಯ ಬಾಯಿಗೆ? "ಅತ್ಯಾ, ಸಣ್ಣಾಕಿ ಮುಂದ ಕನ್ನಡ ಮಾತಾಡಬ್ಯಾಡ್ರಿ. ಡಾಕ್ಟರು ಹೇಳ್ಯಾರ," ಅಂದೆ. ಅವರು ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ. "ಹೂಂ," ಅಂದರು. ಅವರ ಮರಾಠಿಯ ಒಟ್ಟು ಆಸ್ತಿ ಕಾಯಿಪಲ್ಲೆಯವನ ಹತ್ತಿರ ಆಡುವ 'ಕಿತೀ' ಮತ್ತು 'ನಕೋ'. ಮೊಮ್ಮಗಳ ಜೊತೆ 'ಎಷ್ಟು' ಮತ್ತು 'ಬೇಡ' ಇಟ್ಟುಕೊಂಡು ಎಷ್ಟು ಮಾತಾಡಲಾದೀತು? ಅಲ್ಲಿಂದ ಮನೆಯಲ್ಲಿ ಮಾತಿಲ್ಲದವರು ಇಬ್ಬರಾದರು. ದೊಡ್ಡವಳಿಗೆ ಮಾತ್ರ ಇದೊಂದು ಆಟ. ಅಪ್ಪನ ಬಾಯಲ್ಲಿ ಮರೆತು ಕನ್ನಡ ಬಂದ ಕೂಡಲೇ ತಾಟು ಬಡಿಯುತ್ತಿದ್ದಳು.

ಚಿಕ್ಕವಳು ಮೊದಲ ವಾರ ದಿನಾ ಬಂದು ಕಪಾಟಿನ ಮೇಲಿನ ಬಾಗಿಲಿಗೆ ತುದಿಗಾಲಲ್ಲಿ ನಿಂತು ಅಂಗೈ ಇಡುತ್ತಿದ್ದಳು. ಜ್ವರ ಬಂದವರ ಹಣೆ ಮುಟ್ಟಿ ನೋಡುವ ಹಾಗೆ. ನಾನು ಅಡುಗೆಮನೆಗೆ ಹೋಗಿಬಿಡುತ್ತಿದ್ದೆ.

ಶ್ರಾವಣ ಬಂತು. ನೂಲ ಹುಣ್ಣಿಮೆಯ ದಿನ ಗಂಡಸರು ಹೊಸ ಜನಿವಾರ ಹಾಕಿಕೊಂಡು ಹಳೆಯದನ್ನು ವಿಸರ್ಜನೆ ಮಾಡುತ್ತಾರೆ. ನನ್ನ ಗಂಡ ದೇವಸ್ಥಾನದಲ್ಲಿ ಹತ್ತು ಜನರ ನಡುವೆ ಕೂತು ಹೊಸದು ಧರಿಸಿ, ಹಳೆಯದನ್ನು ಬಾಳೆಎಲೆಯ ಚೂರಿನಲ್ಲಿ ಸುತ್ತಿ ತಂದು ಅತ್ತೆಯ ಕೈಗಿಟ್ಟು, ಅಂಗಡಿಗೆ ಹೊತ್ತಾಯಿತೆಂದು ಓಡಿದರು. ಪ್ರತಿ ವರ್ಷ ಮೊದಲು ಕೀಲಿ ಬಿಚ್ಚಿ ಹೊಸ ಜನಿವಾರಕ್ಕೆ ಕಟ್ಟಿ ಆಮೇಲೆ ಉಳಿದದ್ದು ಮಾಡುವವರು ಆ ವರ್ಷ ಮರೆತರು. ಎರಡು ದಿನ ಕಳೆದ ಮೇಲೆ ಸ್ನಾನದ ಮನೆಯಿಂದ ಒದ್ದೆ ಮೈಯಲ್ಲೇ ಹೊರಬಂದರು. ಕೈ ಎದೆಯ ಮೇಲಿತ್ತು.

"ಅವ್ವಾ, ಆ ಹಳೇ ಜನಿವಾರ ಎಲ್ಲಿ ಹಾಕಿದಿ?"

"ನಿರ್ಮಾಲ್ಯದ ಜೋಡಿ ಹೊಳಿಗೆ ಬಿಟ್ಟೆನಲ್ಲೋ," ಅಂದರು ಅತ್ತೆ, ರೊಟ್ಟಿ ಬಡಿಯುತ್ತ.

ಅಂದರೆ ಕೀಲಿ ಮುಠಾ ನದಿಗೆ ಹೋಯಿತು. ಗಂಡ ತಲೆ ಮೇಲೆ ಕೈಹೊತ್ತು ಕೂತರು. ಕೀಲಿ ಮಾಡುವವನನ್ನು ಕರೆತರುತ್ತೇನೆ ಅಂದವರನ್ನು ನಾನೇ ತಡೆದೆ. ಯಾಕೆ ಅವಸರ, ಆರು ತಿಂಗಳು ಮುಗಿಯಲಿ, ದೇವರೇ ಮುಚ್ಚಿದ ಬಾಗಿಲು, ಇನ್ನು ನಮಗೆ ತೆರೆಯುವ ಆಸೆಯೂ ಬೇಡ, ಅಂದೆ. ಇಷ್ಟು ಜಾಣತನದ ಮಾತು ನನ್ನ ಬಾಯಿಂದ ಬಂದಾಗಲೆಲ್ಲ ನಾನು ಎಡವಿದ್ದೇನೆ ಎಂದು ಈಗ ಗೊತ್ತಾಗುತ್ತದೆ.

ನವರಾತ್ರಿ ಹೋಯಿತು, ದೀಪಾವಳಿ ಹೋಯಿತು. ಮರಾಠಿ ಬಡಬಡ ಗೀತೆಗಳು ದಿನಾ ಬೆಳಿಗ್ಗೆ, ಸಂಜೆ ಬಡಬಡಿಸಿದವು. ನನಗೇ ಬಾಯಿಪಾಠವಾದವು, ಕೋರ್ಟಿನಲ್ಲಿ ಕಡತ ಹುಡುಕುವಾಗ ಗುನುಗುತ್ತಿದ್ದೆ. ಚಿಕ್ಕವಳಿಂದ ಒಂದು ಶಬ್ದವಿಲ್ಲ. ಆದರೆ ಏನೋ ಬದಲಾಗಿತ್ತು. ಊಟ ಚೆನ್ನಾಗಿ ಮಾಡುತ್ತಿದ್ದಳು. ಒಬ್ಬಳೇ ಕೂತಾಗ ತುಟಿ ಅಲ್ಲಾಡುತ್ತಿದ್ದವು, ನಾನು ನೋಡಿದರೆ ನಿಲ್ಲುತ್ತಿದ್ದವು. ಮರಾಠಿ ಒಳಗೆ ಇಳಿಯುತ್ತಿದೆ ಎಂದು ನಾನು ಗಂಡನಿಗೆ ಹೇಳಿದೆ. ಟೇಪ್‌ರೆಕಾರ್ಡರಿಗೆ ಹೊದಿಸುವ ಕಸೂತಿ ಬಟ್ಟೆ ಕೆಲವು ಸಂಜೆ ತಿರುವುಮುರುವಾಗಿ ಬಿದ್ದಿರುತ್ತಿತ್ತು. ದೊಡ್ಡವಳ ಕೆಲಸ ಎಂದು ಎರಡು ಸಲ ಬೈದೆ. ಅವಳು ಸಾಕಷ್ಟು ವಾದಿಸಿದಳು. ಸಾಕ್ಷಿ ಇಲ್ಲ ಎಂದು ವಜಾ ಮಾಡಿದೆ.

ಡಿಸೆಂಬರಿನ ಮೊದಲಲ್ಲಿ ಒಂದು ದಿನ ಹಿರಿಯ ವಕೀಲರೊಬ್ಬರು ತೀರಿಕೊಂಡರೆಂದು ಕೋರ್ಟಿಗೆ ಮಧ್ಯಾಹ್ನವೇ ರಜೆ ಕೊಟ್ಟರು. ಮರುತಿಂಗಳು ಡಾಕ್ಟರ ಹತ್ತಿರ ಹೋಗಬೇಕಾಗಿತ್ತು. ಏನು ಹೇಳಲಿ ಎಂಬ ಚಿಂತೆಯಲ್ಲೇ ವಾಡೆಯ ಮೆಟ್ಟಿಲು ಹತ್ತುತ್ತಿದ್ದೆ. ಅರ್ಧ ಮೆಟ್ಟಿಲಲ್ಲಿ ನಿಂತೆ. ಒಳಗಿನಿಂದ ಕನ್ನಡ ಕಥೆ ಕೇಳುತ್ತಿತ್ತು.

"...ಎಮ್ಮಿ ತಲಿ ಮ್ಯಾಲೆ ಹಾಲಿನ ಕೊಡ ಇಟಗೊಂಡು ಸಂತಿಗೆ ಹೋತಂತ. ಹಾಲು ಬೇಕೇನ್ರೀ ಹಾಲು, ಅಂತಂತ..."

ಅತ್ತೆಯ ಎಮ್ಮೆ ಕಥೆ. ಮೈಯೆಲ್ಲ ಉರಿಯಿತು. ಐದು ತಿಂಗಳು ನಾವು ನಾಲಿಗೆ ಕಚ್ಚಿಕೊಂಡು ಬದುಕಿದ್ದೇವೆ, ಇವರು ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ದಿನಾ ಮಧ್ಯಾಹ್ನ ಇದನ್ನೇ ನಡೆಸಿದ್ದಾರೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ, ಇವತ್ತು ನನ್ನ ಕಾಲ ಎಂದುಕೊಂಡು ಚಪ್ಪಲಿ ಬಿಟ್ಟೆ. ಏನೇನು ಅನ್ನಬೇಕು ಎನ್ನುವುದನ್ನು ಸಾಲಾಗಿ ಜೋಡಿಸಿಕೊಂಡೆ. ಬಾಗಿಲು ಅರ್ಧ ತೆರೆದಿತ್ತು. ಕಥೆಯ ನಡುವೆ ಕುಕ್ಕರು ಸೀಟಿ ಹೊಡೆಯಿತು. ಆದರೆ ಅದು ಕುಕ್ಕರಿನ ಸೀಟಿಯಾಗಿರಲಿಲ್ಲ. ತುಟಿಯಿಂದ ಮಾಡಿದ ಸೀಟಿ. ಆಮೇಲೆ ಅತ್ತೆಯ ಕೆಮ್ಮು, ಅದೂ ಬಹಳ ಸಣ್ಣದು.

ಬಾಗಿಲು ತಳ್ಳಿದೆ. ಅತ್ತೆ ಚಾಪೆಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದರು. ಟೇಪ್‌ರೆಕಾರ್ಡರಿನ ಮೇಲೆ ಕಸೂತಿ ಬಟ್ಟೆ ಹೊದಿಸಿತ್ತು. ನೆಲದ ಮೇಲೆ, ಬೀಗದ ಖಾನೆಯಲ್ಲಿರಬೇಕಾದ ಹತ್ತು ಹನ್ನೆರಡು ಕನ್ನಡ ಕ್ಯಾಸೆಟ್ಟುಗಳನ್ನು ಶಾಲೆಯ ಮಕ್ಕಳ ಹಾಗೆ ಸಾಲಾಗಿ ಕೂಡಿಸಿಕೊಂಡು, ಅವುಗಳ ಮುಂದೆ ನನ್ನ ಚಿಕ್ಕವಳು ಚಕ್ಕಳಮಕ್ಕಳ ಹಾಕಿ ಕೂತು ಕಥೆ ಹೇಳುತ್ತಿದ್ದಳು.

"ಮಂದಿ ಕೇಳಿದ್ರಂತ, ಯಾರ ಎಮ್ಮೀ ಹಾಲು? ಎಮ್ಮಿ ಅಂತು, ಯಾರದಂದ್ರ? ನಂದ. ಮಂದಿ ಅಂದ್ರಂತ, ಎಮ್ಮಿಗೆ ಎಲ್ಲೀ ಹಾಲು, ಹಾಲು ಮಾಲಕಂದು..." ಅಲ್ಲಿ ಉಸಿರು ಎಳೆದುಕೊಂಡಳು. ಆಮೇಲೆ ದನಿ ದಪ್ಪ ಮಾಡಿ, ತನ್ನ ಅಪ್ಪನ ದನಿಯಲ್ಲಿ, "ಅವ್ವಾ, ತಡಿ, ತಿರುವ್ತೀನಿ," ಅಂದಳು. ನಾಲಿಗೆಯಿಂದ ಖಟ್ ಎಂದು ಗುಂಡಿಯ ಸದ್ದು ಮಾಡಿದಳು. ನಿಲ್ಲಿಸಿದಳು.

ಆ ಕ್ಯಾಸೆಟ್ಟು ನನಗೆ ಗೊತ್ತು. ಅವಳು ಹುಟ್ಟುವ ಮೊದಲು ಮಾಡಿದ್ದು. ಆ ಕೆಮ್ಮು ಎಲ್ಲಿ ಬರುತ್ತದೆ, ಸೀಟಿ ಎಷ್ಟು ಉದ್ದ, ಯಾವ ಶಬ್ದದ ಮೇಲೆ ಬದಿ ಮುಗಿಯುತ್ತದೆ, ಒಂದೂ ತಪ್ಪಿರಲಿಲ್ಲ. ಒಂದು ಶಬ್ದವೂ ಇಲ್ಲ ಎಂದು ನಾವು ಅಳುತ್ತಿದ್ದ ಆ ಬಾಯಿಯೊಳಗೆ ಇಡೀ ಒಂದು ಮಧ್ಯಾಹ್ನ ಕೂತಿತ್ತು. ನಾನು ಹೊಸ್ತಿಲ ಮೇಲೆ ಹಾಗೇ ಕೂತೆ. ದೇವರ ಗುಡಿಯಲ್ಲಿ ನನಗೆ ಎಂದೂ ರೋಮಾಂಚನವಾದದ್ದಿಲ್ಲ, ನಾನು ಅಷ್ಟು ಭಕ್ತಿಯವಳಲ್ಲ. ಅವತ್ತು ಆಯಿತು.

ಅದರ ಬೆನ್ನಿಗೇ ಹೆದರಿಕೆಯೂ ಬಂತು. ಇದು ಮಾತೋ, ಟೇಪೋ? ಗಿಳಿಯೂ ಇಷ್ಟು ಹೇಳುತ್ತದಲ್ಲ. ತನ್ನದೇ ಆದ ಒಂದು ಮಾತು ಆಡುತ್ತಾಳೆಯೇ ಎಂದು ಡಾಕ್ಟರು ಮೊದಲ ದಿನವೇ ಕೇಳಿದ್ದರು. ನಾನು ತೆವಳಿಕೊಂಡು ಹೋಗಿ ಕ್ಯಾಸೆಟ್ಟುಗಳ ಸಾಲಿನ ಕೊನೆಗೆ ಕೂತೆ. ಅವಳು ನನ್ನನ್ನು ನೋಡಿ ಬಾಯಿ ಮುಚ್ಚಿಕೊಂಡಳು.

"ಪುಢೇ ಕಾಯ್ ಝಾಲಂ?" ಅಂದೆ. ಮುಂದೆ ಏನಾಯಿತು ಎಂದು ಮರಾಠಿಯಲ್ಲಿ. ಹೆದರಿದಾಗಲೂ ಕಾಯಿದೆ ಬಿಡದ ಹೆಂಗಸು ನಾನು.

ಅವಳು ತುಟಿಯನ್ನು ಇನ್ನೂ ಬಿಗಿ ಮಾಡಿದಳು. ಕೊನೆಗೆ ನಾನೇ ಸೋತೆ. "ಮುಂದ ಏನಾತು ನಮ್ಮವ್ವಾ?" ಅಂದೆ. ಐದು ತಿಂಗಳಲ್ಲಿ ನಾನು ಅವಳಿಗೆ ಆಡಿದ ಮೊದಲ ಕನ್ನಡ.

ಅವಳು ಚಾಪೆಯ ಕಡೆ ತಿರುಗಿ ನೋಡಿದಳು. ತುಟಿಯ ಮೇಲೆ ಬೆರಳಿಟ್ಟಳು.

"ತಡಿ. ಅಜ್ಜಿ ಮಲಗ್ಯಾಳ. ಸಣ್ಣಗ ಹೇಳ್ತೀನಿ."

ಇದು ಯಾವ ಕ್ಯಾಸೆಟ್ಟಿನಲ್ಲೂ ಇರಲಿಲ್ಲ. ವಹಿ ಬರೆದವಳು ನಾನು, ನನಗೆ ಗೊತ್ತು.

ಮಡಿಲಿಗೆ ಬಂದು ಕೂತು, ಕಿವಿಗೆ ಬಾಯಿ ಹಚ್ಚಿ, ಎರಡನೆಯ ಬದಿಯನ್ನು ಪಿಸುಮಾತಿನಲ್ಲಿ ಪೂರ್ತಿ ಹೇಳಿದಳು. ಯಾರೂ ಹಾಲು ಕೊಳ್ಳಲಿಲ್ಲಂತ, ಎಮ್ಮೆ ತಾನೇ ಕುಡಿಯಿತಂತ, ಮನೆಗೆ ಬಂದು ತನ್ನ ಹಗ್ಗ ತಾನೇ ಕಟ್ಟಿಕೊಂಡು ಮಲಗಿತಂತ. ಅವಳ ಉಸಿರಿಗೆ ಕಿವಿ ಒದ್ದೆಯಾಗುತ್ತಿತ್ತು. ನಾನು ಅಳುತ್ತಿದ್ದೆ, ಅದನ್ನು ಅವಳು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಕಥೆ ಮುಗಿದಾಗ ನೋಡಿದರೆ ಅತ್ತೆ ಎದ್ದು ಕೂತಿದ್ದರು. ಮಲಗಿದ್ದು ಸುಳ್ಳೋ ನಿಜವೋ ನನಗೆ ತಿಳಿಯದು.

"ಯಾವಾಗಿನಿಂದ ಮಾತಾಡ್ಲಿಕತ್ತಾಳ್ರೀ ಅತ್ಯಾ?"

"ದೀಪಾವಳಿ ಮುಂದ ಒಂದ ವಾರ ಇತ್ತು."

"ಒಂದೂವರಿ ತಿಂಗಳು. ನನಗ ಯಾಕ ಹೇಳಲಿಲ್ಲ?"

"ಹೇಳಿದ್ರ ಮತ್ತ ಕೀಲಿ ಹಾಕ್ತಿದ್ರಿ," ಅಂದರು. ಸಿಟ್ಟಿಲ್ಲ, ಕೊಂಕಿಲ್ಲ, ಬಿಸಿಲು ಜಾಸ್ತಿ ಅದ ಅನ್ನುವ ದನಿ. "ಈಗರ ಬಾಯಿ ಬಿಟ್ಟದ ಕೂಸು. ಅಂಜಿಕಿ ಆತು ನನಗ."

ನನ್ನ ಮಗಳ ಮಾತು ನನಗೆ ಗೊತ್ತಾಗಬಾರದೆಂದು ಈ ಮನೆಯಲ್ಲಿ ಒಬ್ಬರು ಹೆದರಿಕೊಂಡಿದ್ದರು. ನನ್ನ ಕಾಯಿದೆಗೆ ಇದಕ್ಕಿಂತ ದೊಡ್ಡ ಛೀಮಾರಿ ಯಾವ ಕೋರ್ಟೂ ಹಾಕಲಾರದು. ಜೋಡಿಸಿಕೊಂಡು ಬಂದಿದ್ದ ಬೈಗುಳವೆಲ್ಲ ಎಲ್ಲಿ ಹೋಯಿತೋ. ಆದರೂ ಹುಟ್ಟುಗುಣ ಸುಟ್ಟರೂ ಹೋಗದು, ಒಂದು ಪ್ರಶ್ನೆ ಕೇಳಿಯೇ ಬಿಟ್ಟೆ. "ಕೀಲಿ ಹೊಳಿಗೆ ಬಿಟ್ಟೆ ಅಂದಿದ್ರೆಲಾ?"

"ಜನಿವಾರ ಬಿಟ್ಟೆ ಅಂದೆ. ಕೀಲಿ ಬಿಟ್ಟೆ ಅಂದೆನೇನು?" ಎಂದು ಸೆರಗಿನ ತುದಿಯ ಗಂಟು ಬಿಚ್ಚಿ ಕೀಲಿಯನ್ನು ನನ್ನ ಮುಂದಿಟ್ಟರು. ಹಳೆಯ ಜನಿವಾರದ ಒಂದು ಎಳೆ ಇನ್ನೂ ಅದರ ಕಣ್ಣಿನಲ್ಲಿ ಇತ್ತು.

ಮರುವರ್ಷ ಬಾಲವಾಡಿಯ ಬಾಯಿ ಹೆಸರು ಕೇಳಿದಾಗ ಅವಳು ಹೇಳಿದಳು, ಮರಾಠಿಯಲ್ಲೇ. ಅದು ಆಮೇಲೆ ತಾನಾಗಿ ಬಂತು. ಕನ್ನಡದ ಟೇಪುಗಳೇ ಅವಳಿಗೆ ಮಾತು ಕೊಟ್ಟವು ಎಂದು ನಾನು ಆಣೆ ಮಾಡಿ ಹೇಳಲಾರೆ. ಹೊತ್ತು ಬಂದಿತ್ತು, ಹೇಗೂ ಬರುತ್ತಿತ್ತೇನೋ. ಅತ್ತೆ ಬಜೆ ಬೇರಿನ ಗುಣ ಅನ್ನುತ್ತಿದ್ದರು. ಎರಡು ಸಾವಿರದ ಹತ್ತರ ಸುಮಾರಿಗೆ, ಕಾಲೇಜಿಗೆ ಹೋಗುವಾಗ, ಅವಳೇ ಕೂತು ಆ ಇನ್ನೂರು ಕ್ಯಾಸೆಟ್ಟುಗಳನ್ನು ಒಂದೊಂದಾಗಿ ಕಂಪ್ಯೂಟರಿಗೆ ಇಳಿಸಿದಳು. ಕೆಮ್ಮು, ಸೀಟಿ ತೆಗೆದುಹಾಕಬಹುದಂತಲ್ಲ ಎಂದು ಅಕ್ಕ ಕೇಳಿದರೆ, ಮುಟ್ಟಿದರೆ ನೋಡು ಅಂದಳು. ಅಷ್ಟರಲ್ಲಿ ಅತ್ತೆ ಇರಲಿಲ್ಲ. ಈಗ ನನಗೆ ಯಾವುದಾದರೂ ಕೇಳಬೇಕೆನಿಸಿದರೆ ಅವಳಿಗೆ ಫೋನು ಮಾಡಿ ಕೇಳಬೇಕು, ಎಲ್ಲಿ ಯಾವುದಿದೆ ಎನ್ನುವುದು ಅವಳಿಗೊಬ್ಬಳಿಗೇ ಗೊತ್ತು.

ಆ ಡಿಸೆಂಬರಿನ ಸಂಜೆಯದೊಂದು ಹೇಳುವುದು ಉಳಿಯಿತು. ಗಂಡ ಅಂಗಡಿಯಿಂದ ಬಂದು ಕಾಲು ತೊಳೆದು ಕೂತರು. ನಾನು ಚಹಾ ಕಪ್ಪಿನ ಬಸಿಯಲ್ಲಿ ಕೀಲಿ ಇಟ್ಟು ಮುಂದೆ ಸರಿಸಿದೆ. ಬಾಯಿ ತೆರೆದು ಹೇಳುವ ಧೈರ್ಯ ನನಗಿರಲಿಲ್ಲ, ಅತ್ತೆ ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಅವರು ಕೀಲಿಯನ್ನು ತಿರುಗಿಸಿ ನೋಡಿದರು, ನನ್ನ ಮುಖ ನೋಡಿದರು. ಏನು ಅರ್ಥವಾಯಿತೋ ಬಿಟ್ಟಿತೋ, ನಾಲ್ಕು ತಿಂಗಳಿಂದ ಎದೆಯ ಮೇಲೆ ತಡಕಾಡುತ್ತಿದ್ದ ಕೈ, ಅಭ್ಯಾಸಬಲ, ಅಂಗಿಯ ಗುಂಡಿ ಬಿಚ್ಚಿ ಜನಿವಾರ ಹೊರಗೆಳೆದು ಕೀಲಿ ಕಟ್ಟತೊಡಗಿತು.

ಚಿಕ್ಕವಳು ಕಪಾಟಿನ ಬುಡದಲ್ಲಿ ಕೂತು ನೋಡುತ್ತಿದ್ದಳು. ಎದ್ದು ಬಂದಳು. ಅವರ ಮಣಿಕಟ್ಟು ಹಿಡಿದಳು.

"ಅಪ್ಪಾ, ಅದು ಅಜ್ಜೀದು."

ಗಂಟು ಹಾಕುತ್ತಿದ್ದ ಬೆರಳುಗಳು ನಿಂತವು. "ಹೌದವಾ," ಅಂದರು, ಕನ್ನಡದಲ್ಲಿ. ದೊಡ್ಡವಳ ಕೈ ತಾಟಿನ ಕಡೆ ಹೋಗಲಿಲ್ಲ. ಅವರು ಗಂಟು ಬಿಚ್ಚಿ, ಎದ್ದು, ಕೀಲಿ ಹಿಡಿದು ಅವ್ವನಿದ್ದ ಅಡುಗೆಮನೆಗೆ ಹೋದರು.